ಮಿಶಿಗನ್ ಪಟ್ಟಿಯಲ್ಲಿ 1972ರಿಂದ 74ರವರೆಗಿನ ಖಾಲಿ ಖಾನೆಗಳು

ಮೇಷ್ಟ್ರೇ, ಮಗಳು ಓದುತ್ತಿರುವ ಮಿಶಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ವರ್ಷವಾರು ಪಟ್ಟಿಯನ್ನು ಕೈಯಾರೆ ಬರೆದು ಅವಳಿಗೆ ಕೊಡಬೇಕೆಂದಿದ್ದೀರಿ. 1972, 73, 74ರಲ್ಲಿ ಹತ್ತು ಹತ್ತು ಗೆಲುವಿದ್ದರೂ ಬೌಲ್ ಪಂದ್ಯದ ಖಾನೆ ಖಾಲಿ ಇರುವುದು ಅಚ್ಚಿನ ತಪ್ಪೇ ಎಂದು ಕೇಳಿದ್ದೀರಿ. ತಪ್ಪಲ್ಲ. ಆ ಖಾನೆಗಳನ್ನು ಖಾಲಿಯಾಗಿಯೇ ಬಿಡಿ, ಆದರೆ ಪಕ್ಕದಲ್ಲಿ ಕಾರಣ ಬರೆಯಲು ಧಾರಾಳವಾಗಿ ಜಾಗ ಇಟ್ಟುಕೊಳ್ಳಿ. ನಾನು ಇದೇ ಪಟ್ಟಿ ಮಾಡಲು ಕುಳಿತಾಗ ಟಿಪ್ಪಣಿಗೆ ಎರಡು ಬೆರಳಗಲ ಬಿಟ್ಟಿದ್ದೆ. 1973ರ ಸಾಲಿಗೆ ಬಂದಾಗ ಅದು ಸಾಲದೆ, ಇಡೀ ಪುಸ್ತಕಕ್ಕೆ ಮತ್ತೆ ಗೆರೆ ಎಳೆಯಬೇಕಾಯಿತು.

ಬೌಲ್ ಎಂದರೆ ಋತು ಮುಗಿದ ಮೇಲೆ ಆಯ್ದ ತಂಡಗಳ ನಡುವೆ ನಡೆಯುವ ಪಂದ್ಯ. ಮಿಶಿಗನ್ ಇರುವ ಬಿಗ್ ಟೆನ್ ಕೂಟ ಆಗ ತನ್ನ ಒಂದೇ ಒಂದು ತಂಡವನ್ನು ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ಗೆ ಕಳುಹಿಸುತ್ತಿತ್ತು. ಉಳಿದವರು ಎಷ್ಟೇ ಚೆನ್ನಾಗಿ ಆಡಿದ್ದರೂ ಬೇರೆ ಬೌಲ್‌ಗೆ ಹೋಗುವಂತಿರಲಿಲ್ಲ. 1972ರಲ್ಲಿ ಅದೇ ಕೂಟದ ಓಹಾಯೋ ಸ್ಟೇಟ್ ಎದುರು 14-11ರ ಸೋಲು, 1974ರಲ್ಲಿ ಅದೇ ತಂಡದ ಎದುರು 12-10ರ ಸೋಲು. ಆ ಎರಡು ವರ್ಷ ಅಷ್ಟಕ್ಕೇ ಮುಗಿದುಹೋದವು.

1973ರಲ್ಲಿ ಸೋಲೇ ಇಲ್ಲ. ನವೆಂಬರ್ 24ರಂದು ಮಿಶಿಗನ್‌ನ ತವರಾದ ಆನ್ ಆರ್ಬರಿನಲ್ಲಿ, ಲಕ್ಷಕ್ಕೂ ಮೀರಿದ ಜನರ ಮುಂದೆ, ಅಜೇಯವಾಗಿದ್ದ ಎರಡು ತಂಡಗಳು ಎದುರಾದವು. ಅರ್ಧ ಆಟಕ್ಕೆ ಓಹಾಯೋ ಸ್ಟೇಟ್ 10-0 ಮುಂದಿತ್ತು. ಮಿಶಿಗನ್ ಮೊದಲು ಒಂದು ಫೀಲ್ಡ್ ಗೋಲ್ ಹೊಡೆಯಿತು, ಎಂದರೆ ಚೆಂಡನ್ನು ಗೋಲು ಕಂಬಗಳ ನಡುವೆ ಒದ್ದು 3 ಅಂಕ ಪಡೆಯಿತು. ಆಮೇಲೆ ದಾಳಿ ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಡೆನಿಸ್ ಫ್ರಾಂಕ್ಲಿನ್ ಚೆಂಡು ಹಿಡಿದು ತಾನೇ ಎದುರಾಳಿಯ ಕೊನೆಯ ಗೆರೆ ದಾಟಿ ಓಡಿ 6 ಅಂಕದ ಟಚ್‌ಡೌನ್ ಗಳಿಸಿದ, ಅದರ ಬೆನ್ನಿಗೆ ಒದೆತದ 1 ಅಂಕವೂ ಸೇರಿತು. 10-10. ಅದೇ ಫ್ರಾಂಕ್ಲಿನ್ ಕೊನೆಯ ಹೊತ್ತಿನಲ್ಲಿ ಕೊರಳೆಲುಬು ಮುರಿದುಕೊಂಡು ಹೊರಬಿದ್ದ. ಗೆಲುವು ತರಬಹುದಾಗಿದ್ದ, ಮಿಶಿಗನ್‌ನ ಒದೆಗಾರ ಮೈಕ್ ಲ್ಯಾಂಟ್ರಿಯ ಎರಡು ಒದೆತಗಳು, 58 ಗಜದ್ದೊಂದು, 44 ಗಜದ್ದೊಂದು, ಗುರಿ ತಪ್ಪಿದವು. ಪಂದ್ಯ ಸಮವಾಗಿ ಮುಗಿದದ್ದರಿಂದ, ಯಾರನ್ನು ಕಳುಹಿಸಬೇಕೆಂದು ಮರುದಿನ ಕೂಟದ ಹತ್ತು ವಿಶ್ವವಿದ್ಯಾಲಯಗಳ ಕ್ರೀಡಾ ನಿರ್ದೇಶಕರು ಮತ ಹಾಕಿದರು. 6-4ರಲ್ಲಿ ಓಹಾಯೋ ಸ್ಟೇಟ್ ರೋಸ್ ಬೌಲ್‌ಗೆ ಹೋಯಿತು. ಫ್ರಾಂಕ್ಲಿನ್‌ನ ಗಾಯವೂ ಆ ಮತಗಳ ಮೇಲೆ ಪರಿಣಾಮ ಬೀರಿತೆಂಬ ಮಾತು ಇಂದಿಗೂ ಉಳಿದಿದೆ. ಕೋಚ್ ಬೋ ಶೆಂಬೆಕ್ಲರ್‌ಗೆ ಬಂದ ಸಿಟ್ಟು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಮೂರು ವರ್ಷಕ್ಕೆ 30 ಗೆಲುವು, 2 ಸೋಲು, 1 ಸಮ. ಬೌಲ್ ಪಂದ್ಯ ಒಂದೂ ಇಲ್ಲ. 1975ರಲ್ಲಿ ಕೂಟ ಈ ಕಟ್ಟಳೆಯನ್ನು ಕೈಬಿಟ್ಟಿತು. ಆ ವರ್ಷ ಬರೀ 8 ಪಂದ್ಯ ಗೆದ್ದ ಮಿಶಿಗನ್‌ಗೆ ಆರೆಂಜ್ ಬೌಲ್ ಸಿಕ್ಕಿತು. ಈ ನಾಲ್ಕು ಸಾಲುಗಳನ್ನು ಒಂದೇ ಪುಟದಲ್ಲಿ ಬರುವಂತೆ ಬರೆಯಿರಿ.

ಇನ್ನು ಬರೆಯುವಾಗ ಎಡವುವ ಜಾಗಗಳು. ಜನವರಿಯ ಪಂದ್ಯ ಹಿಂದಿನ ವರ್ಷದ ಋತುವಿಗೇ ಸೇರುತ್ತದೆ: 1902ರ ಜನವರಿ 1ರಂದು ಸ್ಟ್ಯಾನ್‌ಫರ್ಡ್ ಮೇಲೆ ಬಂದ 49-0 ಗೆಲುವು 1901ರ ಸಾಲಿನದು. ಆ ಋತುವಿನಲ್ಲಿ ಫೀಲ್ಡಿಂಗ್ ಯೋಸ್ಟ್ ತರಬೇತಿಯ ತಂಡ 11 ಪಂದ್ಯಗಳಲ್ಲಿ 550 ಅಂಕ ಗಳಿಸಿ ಎದುರಾಳಿಗಳಿಗೆ ಒಂದನ್ನೂ ಬಿಟ್ಟುಕೊಡಲಿಲ್ಲ. ಆಗ ಟಚ್‌ಡೌನ್‌ಗೆ 5 ಅಂಕ. 6 ಆದದ್ದು 1912ರಲ್ಲಿ. ಹಳೆಯ ಅಂಕಗಳನ್ನು ಇಂದಿನ ಲೆಕ್ಕಕ್ಕೆ ತಿರುಗಿಸಲು ಹೋಗಬೇಡಿ, ಟಿಪ್ಪಣಿಯಲ್ಲಿ ಹೇಳಿದರೆ ಸಾಕು. 1918ರಲ್ಲಿ ಐದೇ ಪಂದ್ಯಗಳಿರುವುದು ಯುದ್ಧ ಮತ್ತು ಇನ್‌ಫ್ಲುಯೆಂಜಾ ಕಾಲದ ಗುರುತು, 2020ರಲ್ಲಿ ಆರೇ ಇರುವುದು ಕೋವಿಡ್‌ನದು. 1997ರಲ್ಲಿ ಪತ್ರಕರ್ತರ ಮತದಾನ ಮಿಶಿಗನ್ ಅನ್ನು, ಕೋಚ್‌ಗಳ ಮತದಾನ ನೆಬ್ರಾಸ್ಕಾವನ್ನು ದೇಶಕ್ಕೆ ಮೊದಲನೆಯದೆಂದು ಆರಿಸಿದವು. ಎರಡೂ ಹೆಸರಿಗೆ ಜಾಗ ಬಿಡಿ.

ಗೆಲುವಿನ ಪ್ರಮಾಣ ತೆಗೆಯುವಾಗ ಸಮವಾದ ಪಂದ್ಯವನ್ನು ಅರ್ಧ ಗೆಲುವೆಂದು ಹಿಡಿಯಿರಿ. 1973ಕ್ಕೆ 10.5ನ್ನು 11ರಿಂದ ಭಾಗಿಸಿದರೆ 0.955. 1996ರಿಂದ ಹೆಚ್ಚುವರಿ ಆಟ ಬಂದು ಸಮ ಎಂಬುದೇ ನಿಂತಿದೆ, ಆದರೂ ಆ ಅಂಕಣವನ್ನು ತೆಗೆಯಬೇಡಿ. ಕಂಪ್ಯೂಟರಿನಲ್ಲಿ ಪ್ರತಿ ಇಡುವುದಾದರೆ ಗೆಲುವು, ಸೋಲು, ಸಮ ಮೂರನ್ನೂ ಬೇರೆ ಬೇರೆ ಖಾನೆಗಳಲ್ಲಿ ತುಂಬಿರಿ. ನಾನು 1972ರದನ್ನು ಒಂದೇ ಖಾನೆಯಲ್ಲಿ 10-1 ಎಂದು ಹೊಡೆದಿದ್ದೆ. ಅದು ತಾನಾಗಿ ಅಕ್ಟೋಬರ್ 1 ಎಂಬ ದಿನಾಂಕವಾಗಿ ಕುಳಿತಿತ್ತು.

ನಿಮ್ಮ 1973ರ ಹಾಳೆ ಸಿದ್ಧವಾದ ದಿನ ಅದರ ಚಿತ್ರ ಇಲ್ಲಿ ಹಾಕಿ. ನನ್ನದರ ಪಕ್ಕದಲ್ಲಿಟ್ಟು ನೋಡುವ ಆಸೆಯಿದೆ.