ಇಂಟರ್‌ಲೇಸ್ಡ್ ಎಚ್‌ಡಿ ವಿಡಿಯೊವನ್ನು ಎಸ್‌ಡಿಗೆ ಇಳಿಸಿದಾಗ ಚಲನೆ ಏಕೆ ಕೆಡುತ್ತದೆ?

ಸೆಕೆಂಡಿಗೆ 50 ಫೀಲ್ಡ್‌ಗಳಿರುವ (ಒಂದು ಬಿಟ್ಟು ಒಂದರಂತೆ ಸಾಲುಗಳಿರುವ ಅರ್ಧ ಚಿತ್ರವೇ ಫೀಲ್ಡ್) 1080ಐ, ಅಂದರೆ 1080 ಸಾಲುಗಳ ಇಂಟರ್‌ಲೇಸ್ಡ್ ಎಚ್‌ಡಿ ವಿಡಿಯೊವನ್ನು ಡಿವಿಡಿಗಾಗಿ 720×576ರ ಎಸ್‌ಡಿಗೆ ಇಳಿಸಿದರೆ ನಿಶ್ಚಲ ದೃಶ್ಯಗಳು ಸರಿಯಾಗಿಯೇ ಇದ್ದು, ಏನಾದರೂ ಚಲಿಸಿದೊಡನೆ ಅಂಚುಗಳು ಜೋಡಿಯಾಗಿ ಕಾಣುತ್ತವೆ ಎಂದು ನೀವು ಬರೆದಿದ್ದೀರಿ. ಈ ಲಕ್ಷಣವನ್ನು ನೋಡಿದರೆ ದೋಷವಿರುವುದು ಬಿಟ್‌ರೇಟಿನಲ್ಲಲ್ಲ (ಸೆಕೆಂಡಿಗೆ ಬಳಸುವ ದತ್ತಾಂಶದ ಪ್ರಮಾಣ), ಗಾತ್ರ ಕುಗ್ಗಿಸಿದ ಕ್ರಮದಲ್ಲಿ ಎನಿಸುತ್ತದೆ. ಎನ್‌ಕೋಡರ್ (ವಿಡಿಯೊವನ್ನು ಸಂಕುಚಿಸುವ ತಂತ್ರಾಂಶ) ಬದಲಾಯಿಸಿ ಪ್ರಯೋಜನವಿಲ್ಲ.

1080ಐ ಫ್ರೇಮ್ ಒಂದರಲ್ಲಿ ಎರಡು ಕ್ಷಣಗಳು ಬೆರೆತಿರುತ್ತವೆ. ಒಂದು ಬಿಟ್ಟು ಒಂದರಂತೆ 540 ಸಾಲುಗಳು ಒಂದು ಕ್ಷಣದವಾದರೆ, ಉಳಿದ 540 ಸಾಲುಗಳು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಅನಂತರದವು. ಆದುದರಿಂದಲೇ ಅಂತಹ ಫ್ರೇಮನ್ನು ಕಂಪ್ಯೂಟರಿನಲ್ಲಿ ನಿಲ್ಲಿಸಿ ನೋಡಿದಾಗ ಚಲಿಸುವ ವಸ್ತುವಿನ ಅಂಚು ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತದೆ. ಇದನ್ನು ಒಂದೇ ಚಿತ್ರವೆಂದು ಭಾವಿಸಿ 1080 ಸಾಲುಗಳನ್ನು 576ಕ್ಕೆ ಕುಗ್ಗಿಸಿದರೆ ಅಕ್ಕಪಕ್ಕದ ಸಾಲುಗಳು ಕಲಸಿಹೋಗಿ, ಎರಡೂ ಕ್ಷಣಗಳು ಪ್ರತಿಯೊಂದು ಸಾಲಿನಲ್ಲೂ ಸೇರಿಕೊಳ್ಳುತ್ತವೆ. ಒಮ್ಮೆ ಹಾಗಾದ ಮೇಲೆ ಅವನ್ನು ಬೇರ್ಪಡಿಸುವ ದಾರಿಯಿಲ್ಲ.

ಹಾಗಾಗಿ ಮೊದಲು ಡಿಇಂಟರ್‌ಲೇಸ್ ಮಾಡಿ (ಫೀಲ್ಡ್‌ಗಳನ್ನು ಪೂರ್ಣ ಫ್ರೇಮ್‌ಗಳಾಗಿಸಿ), ಆಮೇಲೆ ಕುಗ್ಗಿಸಿ, ಕೊನೆಗೆ ಮತ್ತೆ ಇಂಟರ್‌ಲೇಸ್ ಮಾಡಬೇಕು, ಅಂದರೆ ಫೀಲ್ಡ್‌ಗಳಾಗಿ ಹೆಣೆಯಬೇಕು. ಇಲ್ಲಿ ಅನೇಕರು ಎಡವುವುದು ಮೊದಲನೆಯ ಹಂತದಲ್ಲೇ. ಸಂಕಲನ ತಂತ್ರಾಂಶಗಳಲ್ಲಿ ಡಿಇಂಟರ್‌ಲೇಸ್ ಎಂಬ ಆಯ್ಕೆಯು ಸಾಮಾನ್ಯವಾಗಿ ಸೆಕೆಂಡಿಗೆ 25 ಫ್ರೇಮ್‌ಗಳನ್ನಷ್ಟೇ ಕೊಡುತ್ತದೆ, ಅಂದರೆ ಚಲನೆಯ ಅರ್ಧ ಮಾಹಿತಿ ಅಲ್ಲಿಗೇ ನಷ್ಟವಾಗುತ್ತದೆ. ನಿಮಗೆ ಬೇಕಾದದ್ದು ಪ್ರತಿ ಫೀಲ್ಡಿನಿಂದಲೂ ಒಂದೊಂದು ಪೂರ್ಣ ಫ್ರೇಮ್ ತಯಾರಿಸಿ 50 ಫ್ರೇಮ್ ಕೊಡುವ, ಬಾಬ್ ಎಂದು ಕರೆಯಲಾಗುವ ವಿಧಾನ. ವಿಡಿಯೊ ಪರಿವರ್ತಿಸುವ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್‌ನಲ್ಲಿ ಯಾಡಿಫ್ ಎಂಬ ಡಿಇಂಟರ್‌ಲೇಸ್ ಫಿಲ್ಟರನ್ನು ಮೋಡ್ 1ರಲ್ಲಿ ಬಳಸಿದರೆ ಇದು ದೊರೆಯುತ್ತದೆ. ಅವಿಸಿಂತ್ ಎಂಬ ಇನ್ನೊಂದು ವಿಡಿಯೊ ತಂತ್ರಾಂಶದ ಕ್ಯುಟಿಜಿಎಂಸಿ ಡಿಇಂಟರ್‌ಲೇಸರ್ ಬಹಳ ನಿಧಾನವಾದರೂ ಇನ್ನೂ ಉತ್ತಮ. ಸಮಯವಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಫೀಲ್ಡ್‌ಗಳನ್ನು ಬೇರೆಬೇರೆಯಾಗಿ 540ರಿಂದ 288 ಸಾಲುಗಳಿಗೆ ಇಳಿಸಿ ಹೆಣೆಯುವ ಅಡ್ಡದಾರಿಯೂ ಉಂಟು, ಆದರೆ ಅದರಲ್ಲಿ ಲಂಬ ದಿಕ್ಕಿನ ಸೂಕ್ಷ್ಮತೆ ಕುಂದುತ್ತದೆ.

ಕುಗ್ಗಿಸಲು ಲ್ಯಾಂಕ್ಜೋಸ್ ಅಥವಾ ಬೈಕ್ಯೂಬಿಕ್ ಎಂಬ ಗಾತ್ರ ಬದಲಿಸುವ ವಿಧಾನ ಸಾಕು. ಚಿತ್ರ ಮಂಕಾಯಿತೆಂದು ಈ ಹಂತದಲ್ಲಿ ಶಾರ್ಪನ್ ಮಾಡುವ ಆಸೆಯಾಗುತ್ತದೆ, ದಯವಿಟ್ಟು ಮಾಡಬೇಡಿ. ಒಂದೇ ಸಾಲಿನಷ್ಟು ತೆಳುವಾದ ಅಡ್ಡಗೆರೆಯು ಇಂಟರ್‌ಲೇಸ್ಡ್ ಚಿತ್ರದಲ್ಲಿ ಒಂದು ಫೀಲ್ಡಿನಲ್ಲಿದ್ದು ಮುಂದಿನದರಲ್ಲಿ ಇಲ್ಲವಾಗುವುದರಿಂದ ಟಿವಿಯಲ್ಲಿ ಮಿನುಗುತ್ತದೆ. ಅದಕ್ಕಾಗಿಯೇ ಲಂಬವಾಗಿ ಸ್ವಲ್ಪ ಮೃದುಗೊಳಿಸುವುದು ವಾಡಿಕೆ, ಎಫ್‌ಎಫ್‌ಎಂಪೆಗ್‌ನ ಇಂಟರ್‌ಲೇಸ್ ಫಿಲ್ಟರ್ ಇದನ್ನು ತಾನಾಗಿಯೇ ಮಾಡುತ್ತದೆ.

ಮತ್ತೆ ಹೆಣೆಯುವಾಗ ಫೀಲ್ಡ್ ಕ್ರಮವನ್ನು ಗಮನಿಸಿ. 1080ಐನಲ್ಲಿ ಮೇಲಿನ ಫೀಲ್ಡ್ ಮೊದಲು ಬರುತ್ತದೆ, ಡಿವಿ ಎಂಬ ಹಳೆಯ ಟೇಪ್ ಕ್ಯಾಮೆರಾಗಳ ಸ್ವರೂಪದಲ್ಲಿ ಕೆಳಗಿನದು ಮೊದಲು. ಡಿವಿಡಿ ಎರಡನ್ನೂ ಒಪ್ಪುವುದರಿಂದ ಮೇಲಿನದನ್ನೇ ಮೊದಲಾಗಿ ಉಳಿಸಿಕೊಂಡು, ಎನ್‌ಕೋಡರಿಗೂ ಅದನ್ನೇ ತಿಳಿಸಿ. ಇದು ತಿರುವುಮುರುವಾದರೆ ಚಲಿಸುವ ವಸ್ತುಗಳು ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂಬಂತೆ ನಡುಗುತ್ತವೆ.

ಬಣ್ಣದ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಬಣ್ಣಗಳನ್ನು ಸಂಖ್ಯೆಗಳಾಗಿ ದಾಖಲಿಸಲು ಎಚ್‌ಡಿ ವಿಡಿಯೊ ಬಿಟಿ.709 ಮಾನದಂಡವನ್ನೂ ಎಸ್‌ಡಿ ವಿಡಿಯೊ ಬಿಟಿ.601 ಮಾನದಂಡವನ್ನೂ ಅನುಸರಿಸುತ್ತವೆ. ಪರಿವರ್ತಿಸದೆ ಬಿಟ್ಟರೆ ಕೆಂಪು, ಹಸಿರುಗಳು ತುಸು ಬದಲಾಗುತ್ತವೆ. ಎಲ್ಲ ತಂತ್ರಾಂಶಗಳೂ ಇದನ್ನು ತಾವಾಗಿ ಮಾಡುವುದಿಲ್ಲವಾದ್ದರಿಂದ ಸೆಟ್ಟಿಂಗ್ ಪರಿಶೀಲಿಸಿ. ಜೊತೆಗೆ ಎನ್‌ಕೋಡರಿನಲ್ಲಿ 16:9 ಎಂದು ಗುರುತಿಸದಿದ್ದರೆ ಮುಖಗಳು ಉದ್ದುದ್ದವಾಗಿ ಕಾಣುತ್ತವೆ.

ಗುಣಮಟ್ಟ ಚೂರೂ ಕಳೆಯದಂತೆ ಎಂದು ನೀವು ಕೇಳಿದ್ದೀರಿ. ಸುಮಾರು 20 ಲಕ್ಷ ಪಿಕ್ಸೆಲ್‌ಗಳನ್ನು 4 ಲಕ್ಷಕ್ಕೆ ಇಳಿಸುವಾಗ ವಿವರ ಕಳೆಯುವುದು ಅನಿವಾರ್ಯ. ಉಳಿಸಿಕೊಳ್ಳಬಹುದಾದದ್ದು ಚಲನೆಯ ಸರಾಗತೆ ಮತ್ತು ಸರಿಯಾದ ಬಣ್ಣ.

ಇಷ್ಟೆಲ್ಲ ಮಾಡುವ ಮುನ್ನ ಒಂದು ಪರೀಕ್ಷೆ ಮಾಡಿ. ಕೆಲವು ಕ್ಯಾಮೆರಾಗಳು 25 ಪೂರ್ಣ ಫ್ರೇಮ್‌ಗಳನ್ನೇ 50ಐ (ಸೆಕೆಂಡಿಗೆ 50 ಫೀಲ್ಡ್) ರೂಪದಲ್ಲಿ ತುಂಬಿಸಿಡುತ್ತವೆ. ಚಲನೆಯಿರುವ ಭಾಗದಲ್ಲಿ ಫ್ರೇಮ್ ನಿಲ್ಲಿಸಿದಾಗ ಎಲ್ಲಿಯೂ ಹಲ್ಲುಗಳು ಕಾಣದಿದ್ದರೆ ನಿಮ್ಮದು ಅಂತಹ ವಿಡಿಯೊ ಇರಬಹುದು. ಆಗ ಡಿಇಂಟರ್‌ಲೇಸ್ ಮಾಡದೆ ನೇರವಾಗಿ ಕುಗ್ಗಿಸಿ. ಇನ್ನು ಡಿವಿಡಿಯ ಬದಲು ಕಂಪ್ಯೂಟರಿನಲ್ಲಷ್ಟೇ ನೋಡುವುದಾದರೆ ಮತ್ತೆ ಇಂಟರ್‌ಲೇಸ್ ಮಾಡುವ ಅಗತ್ಯವೇ ಇಲ್ಲ, ಸೆಕೆಂಡಿಗೆ 50 ಪೂರ್ಣ ಫ್ರೇಮ್‌ಗಳ ಕಡತವನ್ನೇ ಇಟ್ಟುಕೊಳ್ಳಿ.