ಎಲೆಕ್ಟ್ರೀಷಿಯನ್ ಐಟಿಐ ಮುಗಿಸಿದ ತಮ್ಮ ಲಿಫ್ಟ್ ಮೆಕ್ಯಾನಿಕ್ ಆಗಲು ಯಾವ ಸರ್ಟಿಫಿಕೇಟ್ ಬೇಕು?

ಗದಗಿನಲ್ಲಿ ಐಟಿಐ ಮುಗಿಸಿದ ನಿಮ್ಮ ತಮ್ಮನಿಗೆ ಹುಬ್ಬಳ್ಳಿಯಲ್ಲಿ ಯಾರೋ ‘ಮೂರು ತಿಂಗಳ ಕೋರ್ಸ್ ಮಾಡು, ಸರ್ಕಾರಿ ಲಿಫ್ಟ್ ಲೈಸೆನ್ಸ್ ಕೊಡಸ್ತೀವಿ’ ಅಂದಿದ್ದಾರೆ, ರೊಕ್ಕ ಕಟ್ಟಬೇಕೋ ಬೇಡವೋ ಎಂದು ಕೇಳಿದ್ದೀರಿ. ಕಟ್ಟಬ್ಯಾಡ್ರಿ. ನಾನು ಹುಬ್ಬಳ್ಳಿ-ಧಾರವಾಡದಲ್ಲಿ ಲಿಫ್ಟ್ ಸರ್ವಿಸ್ ಕೆಲಸದಲ್ಲೇ ಇರುವವ.

ಕರ್ನಾಟಕದಲ್ಲಿ ಲಿಫ್ಟು, ಎಸ್ಕಲೇಟರುಗಳಿಗೆ 2012ರ ಕಾಯ್ದೆ ಇದೆ. ಲಿಫ್ಟ್ ಕೂಡಿಸಲು ಅನುಮತಿ, ಆಮೇಲೆ ಓಡಿಸಲು ಲೈಸೆನ್ಸ್. ಎರಡನ್ನೂ ಕಟ್ಟಡದ ಮಾಲೀಕರು ವಿದ್ಯುತ್ ಪರಿವೀಕ್ಷಣಾಲಯದಿಂದ ಪಡೆಯಬೇಕು. ಆ ಲೈಸೆನ್ಸ್ ಲಿಫ್ಟಿನದು. ಕೋರ್ಸ್ ನಡೆಸುವವರು ಅದನ್ನು ಹುಡುಗನ ಕೈಗೆ ಹೆಂಗ ಕೊಡ್ತಾರ?

ಐಟಿಐಯಲ್ಲಿ ‘ಲಿಫ್ಟ್ ಅಂಡ್ ಎಸ್ಕಲೇಟರ್ ಮೆಕ್ಯಾನಿಕ್’ ಎಂಬ ಎರಡು ವರ್ಷದ ಟ್ರೇಡೇ ಇದೆ, ಆದರೆ ಅದು ಎಲ್ಲ ಕಡೆ ಸಿಗುವುದಿಲ್ಲ. ಅದಕ್ಕಾಗಿ ಮತ್ತೆ ಎರಡು ವರ್ಷ ಕೂರಿಸಬೇಡಿ, ಎಲೆಕ್ಟ್ರೀಷಿಯನ್ ಹುಡುಗರನ್ನೂ ಕಂಪನಿಗಳು ತೆಗೆದುಕೊಳ್ಳುತ್ತವೆ. ಐಟಿಐ ಪಾಸಾದವರಿಗೆ ಸಿಗುವ ಎನ್‌ಟಿಸಿ (ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟ್) ಕೈಗೆ ಬಂದಿದ್ದರೆ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಲಿಫ್ಟ್ ಕಂಪನಿಗಳಿಗೆ ನೇರವಾಗಿ ಅರ್ಜಿ ಹಾಕಲಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಸ್ಟೈಪೆಂಡ್ ಅವರೇ ಕೊಡಬೇಕು. ಕಲಿಯಲು ನೀವು ರೊಕ್ಕ ಕೊಡುವುದಲ್ಲ, ಅವರೇ ನಿಮಗೆ ಕೊಡುವುದು.

ವೈರಿಂಗ್ ಅವನಿಗೆ ಬರುತ್ತದೆ. ಹೊಸದಾಗಿ ಕಲಿಯಬೇಕಾದ್ದು ರೋಪು, ಬ್ರೇಕು, ವೇಗದ ಮೇಲೆ ಕಣ್ಣಿಡುವ ಗವರ್ನರ್. ಲಿಫ್ಟ್ ಮಿತಿ ಮೀರಿದ ವೇಗದಲ್ಲಿ ಇಳಿದರೆ ಗವರ್ನರ್ ಟ್ರಿಪ್ ಆಗಿ, ಕಾರಿನ (ಜನ ನಿಲ್ಲುವ ಪೆಟ್ಟಿಗೆಯ) ಸೇಫ್ಟಿ ಗೇರ್, ಅದು ಓಡಾಡುವ ಗೈಡ್ ರೈಲನ್ನು ಕಚ್ಚಿ ಹಿಡಿಯುತ್ತದೆ. ಇದನ್ನು ಮಷೀನ್ ರೂಮಿನಲ್ಲಿ ನಿಂತು ನೋಡಿದರೇ ತಲೆಗೆ ಹೋಗುವುದು.

ಅದಕ್ಕಿಂತ ಮೊದಲು ಕಾರಿನ ಮೇಲೆ ಹತ್ತುವ ಕ್ರಮ ರೂಢಿಯಾಗಬೇಕು. ಬಾಗಿಲು ತೆರೆದು, ಹೊರಗೇ ನಿಂತು ಕೈಚಾಚಿ ಕಾರಿನ ಮೇಲಿನ ಸ್ಟಾಪ್ ಬಟನ್ ಒತ್ತುವುದು. ಬಾಗಿಲು ಮುಚ್ಚಿ, ಲಿಫ್ಟ್ ಕರೆಯುವ ಬಟನ್ ಒತ್ತಿ, ಲಿಫ್ಟ್ ಅಲುಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಆಮೇಲೆ ಲಿಫ್ಟನ್ನು ಕಾರಿನ ಮೇಲಿಂದಲೇ ನಡೆಸಲು ಇರುವ ಇನ್‌ಸ್ಪೆಕ್ಷನ್ ಸ್ವಿಚ್ ಹಾಕಿ, ಸ್ಟಾಪ್ ಬಿಡಿಸಿ, ಮತ್ತೊಮ್ಮೆ ಅದೇ ಪರೀಕ್ಷೆ. ಪುನಃ ಸ್ಟಾಪ್ ಒತ್ತಿ, ಆಮೇಲೇ ಕಾಲಿಡುವುದು. ಅವಸರದ ಮೆಕ್ಯಾನಿಕ್‌ಗಳು ನಡುವಿನ ಪರೀಕ್ಷೆಯನ್ನೇ ಹಾರಿಸುತ್ತಾರೆ.

ಇನ್ನೊಂದು ಮಾತು. ವಿದ್ಯಾನಗರ, ಕೇಶ್ವಾಪುರದ ಅಪಾರ್ಟ್‌ಮೆಂಟುಗಳಿಂದ ‘ವಯಸ್ಸಾದವ್ರು ಅದಾರ, ಹೆಂಗಾರ ಮಾಡಿ ಚಾಲೂ ಮಾಡ್ರಿ’ ಎಂದು ಫೋನ್ ಬರುತ್ತದೆ. ಡೋರ್ ಲಾಕ್ ಕೈಕೊಟ್ಟಿದ್ದರೆ ಒಂದು ತುಂಡು ವೈರಿನಿಂದ ಜಂಪರ್ ಹಾಕಿ, ಅಂದರೆ ಲಾಕಿನ ಸ್ವಿಚ್ಚನ್ನೇ ತಪ್ಪಿಸಿ, ಓಡಿಸಿಬಿಡುವುದು ಸುಲಭ. ಆದರೆ ಆಮೇಲೆ ಬಾಗಿಲು ತೆರೆದಿದ್ದರೂ ಲಿಫ್ಟ್ ಹೊರಟುಬಿಡುತ್ತದೆ, ಒಳಗೆ ಕಾಲಿಟ್ಟವರು ಸೀದಾ ಗುಂಡಿಗೆ. ಸ್ಪೇರ್ ಬರುವ ತನಕ ಬಂದ್ ಇರಲಿ ಎನ್ನುವ ಸೀನಿಯರ್ ಕೈಕೆಳಗೇ ತಮ್ಮ ಪಳಗಲಿ.

ಸಂದರ್ಶನಕ್ಕೆ ಹೋದಾಗ ಸೈಟಿಗೆ ಜೊತೆಯಲ್ಲಿ ಯಾರು ಬರುತ್ತಾರೆ, ಹೆಲ್ಮೆಟ್ಟು, ಬೆಲ್ಟು ಯಾರು ಕೊಡುತ್ತಾರೆ ಎಂದು ಕೇಳಲಿ. ಮೊದಲ ದಿನವೇ ಒಬ್ಬನೇ ಹೋಗು ಅಂದರೆ ಬೇರೆ ಕಂಪನಿ ನೋಡಿಕೊಳ್ಳಲಿ.