ಟೆಕ್ನಿಕಲ್ ಡೈವಿಂಗ್ ಕಲಿಬೇಕಂತಿರೋ ಗದಗಿನ ತಮ್ಮಗ: ಕಾರ್ಡ್ ಆಮ್ಯಾಲ, ಮೊದಲ ಕಲಸಾವ್ನ ನೋಡು

ತಮ್ಮಾ, ನಿನ್ನ ಪ್ರಶ್ನೆ ಎರಡ ಸಲ ಓದಿದ್ನಿ. ಮುರ್ಡೇಶ್ವರದ ಕಡೆ ನೇತ್ರಾಣಿ ನಡುಗಡ್ಡಿ, ಅಂಡಮಾನ್ ಎಲ್ಲಾ ಸೇರಿ ಸಿಲಿಂಡರ್ ಹೊತ್ತು ಸಮುದ್ರದಾಗ 22 ಡೈವ್ ಆಗ್ಯಾವ, ಅಡ್ವಾನ್ಸ್ಡ್ ಕೋರ್ಸ್ ಪಾಸಾದ ಕಾರ್ಡ್ ಐತಿ, ಈಗ ಒಬ್ಬ ಇನ್‌ಸ್ಟ್ರಕ್ಟರ್ 6 ದಿನದಾಗ 45 ಮೀಟರ್ ಡೆಕೊ (ಮ್ಯಾಲ ಬರೂಮುಂದ ನಡುನಡುವ ನಿಂತು ಮೈಯಾಗ ತುಂಬಿದ ಗ್ಯಾಸ್ ಹೊರಗ ಬಿಡೂದು) ಕೋರ್ಸ್ ಮುಗಿಸಿ ಕಾರ್ಡ್ ಕೈಯಾಗ ಕೊಡ್ತೀನಿ, ಕಡಿಮಿ ಬಿದ್ದ ಡೈವ್ ಇಲ್ಲೇ ಹೊಡದು ಲೆಕ್ಕ ತುಂಬೋಣು ಅಂತಾನ, ಇನ್ನೊಬ್ಬಾವ ಮೊದಲ ನಾಲ್ಕ ದಿನ ನನ್ನ ಜೋಡಿ 10 ಮೀಟರ್‌ದಾಗ ಇರು, ಮುಂದಿಂದು ಆಮ್ಯಾಲ ಮಾತಾಡೋಣು ಅಂತಾನ, ಯಾರ ಕಡೆ ಹೋಗ್ಲಿ ಅಂತ ಕೇಳೀದಿ. ಎರಡನೇದಾವನ ಕಡೆ ಹೋಗು. ಯಾಕಂತ ಉದ್ದ ಬರೀತೀನಿ, ಬಿಡುವು ಮಾಡ್ಕೊಂಡು ಓದು.

ನಾವು ಇಲ್ಲಿತನ ಮಾಡಿದ ಡೈವಿಂಗ್‌ದಾಗ ಏನಾರ ತೊಂದ್ರಿ ಆದ್ರ ಸಾವಕಾಶ ಮ್ಯಾಲ ಬರಾಕ ದಾರಿ ಖುಲ್ಲಾ ಇರತೈತಿ. 40 ಮೀಟರ್ ಮಿತಿ, ಡೆಕೊ ಬೇಕಾಗೂಮಟ ಕೆಳಗ ಕೂಡಂಗಿಲ್ಲ, ತಲಿ ಮ್ಯಾಲ ಬರೇ ನೀರು. ಟೆಕ್ನಿಕಲ್‌ದಾಗ ಆ ದಾರಿ ಬಂದ್ ಆಗತೈತಿ. 45 ಮೀಟರ್‌ದಾಗ 25 ನಿಮಿಷ ಕುಂತ್ರ ಮೈಯಾಗ ನೈಟ್ರೋಜನ್ ಅಷ್ಟು ತುಂಬಿರತೈತಿ, ನೀ 21, 12, 9, 6 ಅಂತ ಮೀಟರ್ ಮೀಟರ್‌ಗೆ ನಿಂತು ನಿಂತೇ ಬರಬೇಕು, ಉಸಿರು ಕಟ್ಟಿದ್ರೂ ಮ್ಯಾಲ ಓಡೂಹಂಗಿಲ್ಲ, ಓಡಿದ್ರ ಸೋಡಾ ಬಾಟ್ಲಿ ಬೂಚ್ ತಗದಂಗ ರಕ್ತದಾಗ ಗುಳ್ಳಿ ಏಳ್ತಾವ. ಅಂದ್ರ ಏನ ಕೆಟ್ರೂ ಅಲ್ಲೇ, ನೀರಾಗ ನಿಂತೇ ಸರಿ ಮಾಡಬೇಕು. ಅದನ್ನ ಕಲಸಾಕ ಒಬ್ಬ ಮನುಷ್ಯಾ ಬೇಕು.

ಗಾಳಿ ಲೆಕ್ಕ ಒಂದ ನೋಡು. ನೇತ್ರಾಣಿಗೆ ಬೋಟಿನ್ಯಾಗ ಕೊಡೋ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 11 ಲೀಟರಿಂದು, 200 ಬಾರ್ ತುಂಬಿದ್ರ 2200 ಲೀಟರ್ ಗಾಳಿ. ಸಮಾಧಾನದಿಂದ ನಿಮಿಷಕ್ಕ 20 ಲೀಟರ್ ಉಸಿರಾಡಾವ ದಂಡಿ ಮ್ಯಾಲ ಕುಂತು ಅದನ್ನ 110 ನಿಮಿಷ ಸೇದಬಹುದು. 45 ಮೀಟರ್‌ದಾಗ ಒತ್ತಡ 5.5 ಪಟ್ಟು, ಅದ ಮನುಷ್ಯಾಗ ನಿಮಿಷಕ್ಕ 110 ಲೀಟರ್ ಬೇಕು, ಸಿಲಿಂಡರ್ 20 ನಿಮಿಷಕ್ಕ ಖಾಲಿ. ಗಾಬರಿ ಆಗಿ ಉಸಿರು ಡಬಲ್ ಆತಂದ್ರ 10 ನಿಮಿಷ. ಅದಕ್ಕ ಬೆನ್ನ ಮ್ಯಾಲ ಎರಡು ಸಿಲಿಂಡರ್, ಬಗಲಾಗ ಡೆಕೊ ಸಿಲಿಂಡರ್ ಬರ್ತಾವ, ಬೆನ್ನಿನ ಎರಡರಾಗ ಒಂದ ಗ್ಯಾಸ್, ಬಗಲಿಂದ್ರಾಗ ಬ್ಯಾರೆ ಗ್ಯಾಸ್.

ಆ ಬಗಲಿನ ಸಿಲಿಂಡರ್‌ದು ಇನ್ನೊಂದ ಮಾತು. 50 ಪರ್ಸೆಂಟ್ ಆಕ್ಸಿಜನ್ ಇದ್ದದ್ದನ್ನ 21 ಮೀಟರಿಗೆ ಬಂದ ಮ್ಯಾಲೇ ಬಾಯಿಗೆ ಇಡಬೇಕು, ಶುದ್ಧ ಆಕ್ಸಿಜನ್ ಆದ್ರ 6 ಮೀಟರಿಗೆ. ಆಕ್ಸಿಜನ್ ಒತ್ತಡದ ಮಿತಿ ಡೆಕೊದಾಗ 1.6 ಬಾರ್. 45 ಮೀಟರ್‌ದಾಗ ಮರತು ಆ 50ರದ್ದನ್ನ ಎಳದ್ರ 2.75 ಬಾರ್ ಆಗತೈತಿ, ಏನೂ ಸೂಚನಾ ಇಲ್ದ ಫಿಟ್ಸ್ ಬರಬಹುದು, ಬಾಯಾಗಿಂದ ಉಸಿರಾಡೂ ರೆಗ್ಯುಲೇಟರ್ ಬಿದ್ರ ಮುಗೀತು. ಒಳ್ಳೆ ಇನ್‌ಸ್ಟ್ರಕ್ಟರ್ ಇದನ್ನ ಹೆಂಗ ಮಾಡಸ್ತಾನ ನೋಡು: ಸಿಲಿಂಡರ್ ಮ್ಯಾಲ ದೊಡ್ಡ ಅಕ್ಷರದಾಗ 21 ಅಂತ ಬರದಿರತೈತಿ, ನೀ ಕೈಗೆ ಕಟ್ಟಿದ ಡೈವ್ ಕಂಪ್ಯೂಟರ್‌ದಾಗ ಆಳ ನೋಡ್ತಿ, ಸಿಲಿಂಡರ್ ಮ್ಯಾಲಿನ ಅಂಕಿ ಜೋಡೀದಾವಗ ತೋರಸ್ತಿ, ವಾಲ್ವ್ ತಗೀತಿ, ವಾಲ್ವ್‌ನಿಂದ ಬಾಯಿತನ ಪೈಪ್ ಬೆರಳಿಲೆ ಸವರ್ಕೋತ ಬರ್ತಿ, ಅವ ಹೂಂ ಅಂದ ಮ್ಯಾಲೇ ಬದಲಿ ಮಾಡ್ತಿ. ನೂರ ಸಲ ಮಾಡಿದ್ರೂ ನೂರಾಒಂದನೇ ಸಲಾನೂ ಅಷ್ಟೂ ಮಾಡಸ್ತಾನ. ದಂಡಿ ಮ್ಯಾಲ ಗ್ಯಾಸ್ ತುಂಬಿದ ಮ್ಯಾಲ ಆಕ್ಸಿಜನ್ ಅಳೆಯೋ ಅನಲೈಸರ್ ನಿನ್ನ ಕೈಯಾಗ ಕೊಟ್ಟು ನೀನ ಅಳತಿ ಮಾಡು ಅಂತಾನ. 'ನಿನ್ನೆ ತುಂಬಿದ್ದು, ಸರಿ ಐತಿ ನಡಿ' ಅನ್ನಾವನ ಕಡೆಯಿಂದ ಅವತ್ತ ಮನಿಗೆ ಬಾ.

ನಂದು ಹೇಳ್ತೀನಿ. ನನ್ನ ಮೊದಲನೇ ಟೆಕ್ ಕೋರ್ಸ್ ಹೊರದೇಶದಾಗ, ಊರು ಹೆಸರು ಬ್ಯಾಡ. 5 ದಿನ ಅಂತ ಹೇಳಿದ್ರು, 4ಕ್ಕ ಮುಗಿಸಿದ್ರು. ಕಡೀ ದಿನ 6 ಮೀಟರ್ ಸ್ಟಾಪ್‌ನಾಗ ನಿಂತು ನಾವೆಲ್ಲಿದೀವಿ ಅಂತ ಬೋಟಿನವರಿಗೆ ತೋರ್ಸಾಕ ದಾರಕ್ಕ ಕಟ್ಟಿದ ಕಿತ್ತಳಿ ಬಣ್ಣದ ಬಲೂನ್ ಮ್ಯಾಲ ಬಿಡಬೇಕಿತ್ತು, ಅದೇ ಎಸ್‌ಎಮ್‌ಬಿ. ಬಲೂನ್‌ಗೆ ಗಾಳಿ ಊದೂಮುಂದ ರೀಲ್ ಸಿಕ್ಕಿಬಿತ್ತು, ದಾರ ಬೆರಳಿಗೆ ಸುತ್ಕೊಂತು, ನಾ ಅದನ್ನ ಬಿಡಿಸ್ಕೋತ ಬೆರಳನ್ನ ನೋಡ್ಕೋತ ಇದ್ನಿ, ಕಂಪ್ಯೂಟರ್ ನೋಡಿದ್ರ 3 ಮೀಟರ್ ತೋರ್ಸಾಕತ್ತಿತ್ತು! ಇನ್‌ಸ್ಟ್ರಕ್ಟರ್ ಫಿನ್ಸ್ ಹಿಡದು ಕೆಳಗ ಜಗ್ಗಿದ. ಮ್ಯಾಲ ಬಂದ ಮ್ಯಾಲ 'ಎಲ್ಲಾರ್ಗೂ ಆಗತೈತಿ, ಪ್ರಾಕ್ಟೀಸ್ ಮಾಡು' ಅಂದ, ಅವತ್ತ ಸಂಜಿನ್ಯಾಗ ಕಾರ್ಡ್ ಕೊಟ್ಟ. ಹುಬ್ಬಳ್ಳಿಗೆ ಬಂದು ಎಷ್ಟೋ ದಿನ ಆ ಕಾರ್ಡ್ ಯಾರಿಗೂ ತೋರ್ಸ್ಲಿಲ್ಲ. ಕಿಸೆದಾಗ 45 ಮೀಟರ್ ಕಾರ್ಡ್ ಐತಿ, 6 ಮೀಟರ್‌ದಾಗ ನಿಂದ್ರಾಕ ಬರಂಗಿಲ್ಲ.

ಮರು ವರ್ಷ ಮತ್ತೊಬ್ಬರ ಕಡೆ ಹೋದ್ನಿ, ಹೆಣಮಗಳು, ನನಗಿಂತ ವಯಸ್ಸಿನ್ಯಾಗ ಸಣ್ಣಾಕಿ. ಕಾರ್ಡ್ ಕೇಳ್ಲೇ ಇಲ್ಲ. 5 ಮೀಟರ್‌ದಾಗ ಹತ್ತ ನಿಮಿಷ ಅಲುಗಾಡದ ಇರ್ರಿ ಅಂದ್ರು, ವಿಡಿಯೋ ಮಾಡಿದ್ರು, ರಾತ್ರಿ ಲ್ಯಾಪ್‌ಟಾಪ್‌ನಾಗ ಹಚ್ಚಿ ತೋರಿಸಿದ್ರು. ಮೊಣಕಾಲು ಇಳದಿದ್ದು, ಕೈ ಈಸಾಡ್ತಿದ್ದು ಎಲ್ಲಾ ಕಣ್ಣಿಗೆ ಹೊಡೀತಿತ್ತು. ಬಯ್ಯಲಿಲ್ಲ, ಒಂದೊಂದ ಹೇಳಿ ಮರುದಿನ ಒಂದೊಂದ ತಿದ್ದಿದ್ರು. ಕೋರ್ಸ್ ಕಡೀಕ 'ಇನ್ನೂ ಆಗಿಲ್ರಿ, 30 ಡೈವ್ ಮಾಡ್ಕೊಂಡು ಬರ್ರಿ' ಅಂದು ಕಾರ್ಡ್ ಕೊಡಲಿಲ್ಲ. ನನಗ ಕಲಸಿದ್ದು ಅವರು.

ಅದಕ್ಕ ನೀ ಆ ಇಬ್ಬರಿಗೂ ಫೋನ್ ಹಚ್ಚಿ ಕೇಳು: ಕಲಸೂದು ಬಿಟ್ಟು ನೀವು ನಿಮ್ಮ ಸಲುವಾಗಿ ಈ ಆಳಕ್ಕ ಕಡೀಕ ಯಾವಾಗ ಹೋಗಿದ್ರಿ? ಕಲಸಿದವರೊಳಗ ಕಾರ್ಡ್ ಕೊಡದ ಎಷ್ಟ ಮಂದೀನ ಕಳಸೀರಿ? ನೀರಾಗ ಒಬ್ಬ ಇನ್‌ಸ್ಟ್ರಕ್ಟರ್ ಹಿಂದ ಕಲಿಯಾವ್ರು ಎಷ್ಟ ಮಂದಿ? ನಾ ಹಾಕ್ಕೊಳ್ಳೋ ಟ್ವಿನ್‌ಸೆಟ್ಟನ್ನ, ಅಂದ್ರ ಬೆನ್ನಿನ ಜೋಡಿ ಸಿಲಿಂಡರನ್ನ, ನೀವೂ ಹಾಕ್ಕೋತೀರೇನು, ಇಲ್ಲಾ ನಾ ಟ್ವಿನ್‌ಸೆಟ್, ನೀವು ಬ್ಯಾರೆನಾ? ಕೋರ್ಸ್‌ಗಿಂತ ಮೊದಲ ಒಂದ ಸಾದಾ ಡೈವ್ ನಿಮ್ಮ ಜೋಡಿ ಮಾಡಬಹುದೇನು? ಕಡೀ ಪ್ರಶ್ನೆಗೆ ಹೌದು ಅನ್ನಾವ ಅರ್ಧ ಪಾಸ್, ಯಾಕಂದ್ರ ಆ ಡೈವ್‌ನಾಗ ನೀ ಅವನ್ನ ನೋಡ್ತಿ. ತಾನ ಮಣ್ಣ ಎಬ್ಬಿಸ್ಕೋತ ಹೋಗ್ತಾನೋ, ಹವಳಕ್ಕ ಕೈ ಹಚ್ತಾನೋ, ಹಿಂದ ತಿರುಗಿ ನಿನ್ನ ಎಷ್ಟ ಸಲ ನೋಡ್ತಾನ, ಅದರಾಗ ಎಲ್ಲಾ ತಿಳೀತೈತಿ. ಮತ್ತ ಅವ ಕಲಸಿದ ಇಬ್ಬರ ನಂಬರ್ ಇಸ್ಕೊಂಡು ಮಾತಾಡು. ಕಾರ್ಡ್ ಕೊಡೋ ಸಂಸ್ಥೆ ವೆಬ್‌ಸೈಟ್‌ದಾಗ ಅವನ ಹೆಸರು ಈ ವರ್ಷ ಚಾಲ್ತಿ ಐತೋ ಇಲ್ಲೋ ನೋಡೂದು ಎರಡ ನಿಮಿಷದ ಕೆಲಸ.

ಯಾವ ಸಂಸ್ಥೆ ಅಂತ ಭಾಳ ತಲಿ ಕೆಡಿಸ್ಕೋಬ್ಯಾಡ. 1994ರಾಗ ಚಾಲೂ ಆದ ಟಿಡಿಐ ಎಲ್ಲಾ ಕಡೆ ಸಿಗತೈತಿ, ಇಂಟ್ರೊ ಟು ಟೆಕ್, ಆಮ್ಯಾಲ ಅಡ್ವಾನ್ಸ್ಡ್ ನೈಟ್ರಾಕ್ಸ್ (ನೈಟ್ರಾಕ್ಸ್ ಅಂದ್ರ ಆಕ್ಸಿಜನ್ ಹೆಚ್ಚಿರೋ ಗಾಳಿ) ಮತ್ತ ಡೆಕೊ ಪ್ರೊಸೀಜರ್ಸ್ ಜೋಡೀಲೆ 45 ಮೀಟರಿಗೆ, ಅಲ್ಲಿಂದ ಹೀಲಿಯಂ ಬೆರಸಿದ ಟ್ರೈಮಿಕ್ಸ್‌ಲೆ 60 ಮೀಟರಿಗೆ. ಪ್ಯಾಡಿದು ಟೆಕ್ 40, 45, 50 ಅಂತ ಮೆಟ್ಲ ಮೆಟ್ಲ. 1998ರಾಗ ಬಂದ ಜಿಯುಇ ಭಾಳ ಬಿಗಿ, ಫಂಡಮೆಂಟಲ್ಸ್ ಅನ್ನೋ ಬುನಾದಿ ಕೋರ್ಸ್ ದಾಟದ ಮುಂದ ಬಿಡಂಗಿಲ್ಲ, ಅವರ ಕಾರ್ಡ್ 3 ವರ್ಷಕ್ಕ ಮುಗೀತೈತಿ, ಬೀಡಿ ಸಿಗರೇಟ್ ಸೇದಾವ್ರಿಗೆ ಜಾಗ ಇಲ್ಲ. ನನ್ನ ಅಭಿಪ್ರಾಯ, ಮುಂದ ಟಿಡಿಐ ಹಾದಿ ಹಿಡದ್ರೂ ಫಂಡಮೆಂಟಲ್ಸ್ ಇಲ್ಲಾ ಇಂಟ್ರೊ ಒಂದ ಮಾಡಿ ಹೋಗು.

ಟಿಡಿಐ ಡೆಕೊ ಕೋರ್ಸ್‌ಗೆ ಬೇಕಾದ್ದು ಕಡಿಮಿ ಅಂದ್ರ 25 ಡೈವ್, ನಿನಗ ಮೂರ ಕಡಿಮಿ. ಆದ್ರ 25 ಅನ್ನೂದು ಬಾಗಿಲು ತಗಿಯೂ ಅಂಕಿ, ತಯಾರಾಗೀದಿ ಅನ್ನೂದಲ್ಲ. ಈ ಸೀಸನ್ ನೈಟ್ರಾಕ್ಸ್ ಮತ್ತ ರೆಸ್ಕ್ಯೂ ಕೋರ್ಸ್ ಮಾಡು, ನೇತ್ರಾಣಿಗೆ ಸುಮ್ನ ಹೋಗಿ ಬಾ, 80-100 ಆಗ್ಲಿ. ಪ್ರತಿ ಡೈವ್ ಕಡೀಕ 5 ಮೀಟರ್‌ದಾಗ ಹಗ್ಗ ಹಿಡಕೊಳ್ಳದ ಐದ ನಿಮಿಷ ನಿಂದ್ರು. ಸಾಮಾನು ಈಗ ತಗೋಬ್ಯಾಡ, ಹೊಂದೋದು ಯಾವದಂತ ಕೋರ್ಸ್‌ದಾಗ ತಿಳೀತೈತಿ, ಲಕ್ಷದ ಮ್ಯಾಲ ಹೋಗೋ ಖರ್ಚು ಅದು.

ಗದಗದಾಗ ಸಮುದ್ರ ಇಲ್ಲಂತ ಕುಂದ್ರಬ್ಯಾಡ. ನಾ ನಮ್ಮ ಹಿತ್ತಲದಾಗ ಪೇರಲ ಗಿಡದಿಂದ ನಳದ ಕಂಬಕ್ಕ, ಅಲ್ಲಿಂದ ಬಚ್ಚಲ ಬಾಗಿಲಿಗೆ ರೀಲ್ ದಾರ ಕಟ್ಟಿ, ಕಣ್ಣಿಗೆ ಟವೆಲ್ ಸುತ್ಕೊಂಡು, ಬೆರಳಾಗ ದಾರ ಹಿಡದು ಅಡ್ಡಾಡ್ತಿದ್ನಿ, ನೀರು ರಾಡಿ ಆಗಿ ಏನೂ ಕಾಣದಾಗ ದಾರದ ಮ್ಯಾಲ ಹೊರಗ ಬರೂ ರೂಢಿ ಆಗ್ಲಿ ಅಂತ. ಅವ್ವ ಮೊದಲ ಹೆದರಿದ್ಲು, ಆಮ್ಯಾಲ ತಾನ ದಾರ ಸಡ್ಲ ಮಾಡಿ ನಾ ಹುಡುಕೂದು ನೋಡ್ಕೋತ ಕುಂದರ್ತಿದ್ಲು. ಭುಜ ಬಿಗಿ ಇದ್ರ ಬೆನ್ನಹಿಂದಿನ ವಾಲ್ವ್‌ಗೆ ಕೈ ಮುಟ್ಟಂಗಿಲ್ಲ, ದಿನಾ ಮುಂಜಾನೆ ಭುಜ ತಿರುವು.

ಇನ್ನೊಂದ, ಇದು ನಮ್ಮ ಕಡೆಯವರಿಗೇ ಹೇಳೂ ಮಾತು. ಹುಬ್ಬಳ್ಳಿ, ಗದಗ ಎಲ್ಲಾ ಸಮುದ್ರಮಟ್ಟಕ್ಕಿಂತ 600 ಮೀಟರ್ ಮ್ಯಾಲ. ಮುರ್ಡೇಶ್ವರದಾಗ ಡೈವ್ ಮುಗಿಸಿ ಸಂಜಿಗೆ ಅಂಕೋಲಾ ದಾಟಿ ಅರಬೈಲ್ ಘಾಟ್ ಹತ್ತೂದು ಅಂದ್ರ ಸಣ್ಣ ವಿಮಾನ ಹತ್ತಿದಂಗ, ಎತ್ತರಕ್ಕ ಹೋದಂಗ ಗಾಳಿ ಒತ್ತಡ ಇಳದು ಮೈಯಾಗ ಉಳದ ನೈಟ್ರೋಜನ್ ಗುಳ್ಳಿ ಆಗಬಹುದು. ವಿಮಾನಕ್ಕ ಡ್ಯಾನ್ ಅನ್ನೋ ಡೈವರ್‌ಗಳ ಸಂಸ್ಥೆ ಹೇಳೂದು ಒಂದ ಡೈವ್ ಆದ್ರ 12 ತಾಸು ಕಾಯಬೇಕು, ಮ್ಯಾಲಿಂದ ಮ್ಯಾಲ ಮಾಡಿದ್ರ 18 ತಾಸು, ಡೆಕೊ ಮಾಡಿದ್ರ ಅದಕ್ಕಿಂತ ಭಾಳ ಹೆಚ್ಚು. ಈಗಿಂದ್ಲೇ ದಂಡಿ ಮ್ಯಾಲ ಒಂದ ರಾತ್ರಿ ಉಳಿಯೂ ರೂಢಿ ಮಾಡ್ಕೋ. ಡೈವಿಂಗ್ ಇನ್ಶೂರೆನ್ಸ್ ಸುದ್ದಾ ಮಾಡ್ಸು, ಗುಳ್ಳಿ ಎದ್ದಾವನ್ನ ಒತ್ತಡದ ಕೋಣ್ಯಾಗ ಇಟ್ಟು ಮಾಡೂ ಚೇಂಬರ್ ಚಿಕಿತ್ಸಾ ಸಾದಾ ಪಾಲಿಸಿದಾಗ ಬರತೈತಂತ ನಂಬಿ ಕುಂದ್ರಬ್ಯಾಡ.

ಮಳಿ ಮುಗದು ಅಕ್ಟೋಬರ್‌ಗೆ ಬೋಟ್ ಚಾಲೂ ಆಗ್ತಾವ, ನಾ ಮೊದಲನೇ ವಾರಾನ ಹೊಂಟೀನಿ. ನನ್ನ ಹಳೇ ಬ್ಯಾಕ್‌ಪ್ಲೇಟ್ ಮತ್ತ ವಿಂಗ್ (ಬೆನ್ನಿಗೆ ಸಿಲಿಂಡರ್ ಕಟ್ಟೂ ತಗಡು ಮತ್ತ ತೇಲಸೂ ಗಾಳಿ ಚೀಲ) ಮನ್ಯಾಗ ಸುಮ್ನ ಬಿದ್ದೈತಿ, ಬೇಕಂದ್ರ ಹುಬ್ಬಳ್ಳಿಗೆ ಬಂದು ಪಟ್ಟಿ ಅಳತಿ ಮಾಡ್ಕೊಂಡು ಹೋಗು. ಬರೂಮುಂದ ನಿನ್ನ ಲಾಗ್‌ಬುಕ್ ತಗೊಂಬಾ.